ನೂರಾ ಹದಿನೇಳನೆಯ ಚೀಟಿ

ಸ್ವೆನ್‌ಬೋರಿನ ಬಂದರು ಬೀದಿಯಲ್ಲಿ ಹಗ್ಗದಂಗಡಿ ದಾಟಿ
ಎಡಕ್ಕೆ ತಿರುಗಿದರೆ ಆಮೇಲೆ ಮೂಗೇ ದಾರಿ ಹೇಳುತ್ತದೆ.
ಅಂಗಡಿ ಸೋದರಮಾವ ಆಸ್ಗರನದು, ಈಗ ನನ್ನದು.
ತಕ್ಕಡಿ ಅವನದೇ. ಎಡತಟ್ಟೆ ಒಂದೆಳೆ ಭಾರ.
ಗೊತ್ತಿದ್ದೂ ಸರಿಪಡಿಸಲಿಲ್ಲ:
'ಗಿರಾಕಿಗಳ ನಾಲಿಗೆ ಅದಕ್ಕೇ ಒಗ್ಗಿಹೋಗಿದೆ, ಬಿಡು ರಾಗ್ನಾ.'

ನಾನು ಸೇದುವುದಿಲ್ಲ. ಮೂಸುತ್ತೇನೆ.
ಮೂಸುತ್ತಲೇ ಹದಿನಾರು ವರ್ಷ ಸವೆಸಿದ್ದೇನೆ.
ವರ್ಜೀನಿಯಾ ಅಂದರೆ ಮಳೆಗೆ ಮುಂಚೆ ಒಟ್ಟಿದ ಒಣಹುಲ್ಲು,
ಕೊನೆಗೊಂದು ಚೂರು ಹುಳಿ.
ಬರ್ಲಿ, ಹುರಿದ ಬೀಜದ ಸಿಪ್ಪೆ, ಸಕ್ಕರೆ ಮರೆತ ಕೋಕೋ;
ಯಾರ ಪಕ್ಕ ಕೂರಿಸಿದರೂ
ಅವರ ಧಾಟಿಯಲ್ಲೇ ಮಾತಾಡುವ ಸಂಭಾವಿತ.
ಲೂಸಿಯಾನಾದ ಪೀಪಾಯಿಗಳಲ್ಲಿ ಅದುಮಿಸಿಕೊಂಡು
ತನ್ನ ರಸದಲ್ಲಿ ತಾನೇ ಹುದುಗಿ ಕಪ್ಪಾದದ್ದು ಪೆರೀಕ್.
ಚಿಟಿಕೆ ಹೆಚ್ಚಾಯಿತೋ, ಸೀನು.
ಲಟಾಕಿಯಾ ಮಾತ್ರ
ಕಮಟಲ್ಲ, ಘಾಟಲ್ಲ, ಸೀದದ್ದೂ ಅಲ್ಲ.
ಸೈಪ್ರಸ್ಸಿನ ಕುರುಚಲು ಸೌದೆಯ ಹೊಗೆಯಲ್ಲಿ ನೇತಾಡಿ ನೇತಾಡಿ
ಇನ್ನೂ ಕಡ್ಡಿ ಗೀರುವ ಮೊದಲೇ
ಒಮ್ಮೆ ಉರಿದು ಮುಗಿಸಿದ ಹಾಗೆ ಬರುತ್ತದೆ.

ಮೇಜಿನ ಡ್ರಾಯರಿನಲ್ಲಿ ಮಾವ ಬರೆದಿಟ್ಟ ಚೀಟಿಗಳು.
ಹೆಸರು, ಪಾಲು, ಷರಾ.
ಮೂವತ್ತು: ಅರ್ಧ ವೆನಿಲ್ಲಾ. 'ಹೆಂಡತಿಗೆ ಇಷ್ಟ. ಇವನಿಗಲ್ಲ.'
ಅರವತ್ತೆರಡು: ಚರ್ಚಿನ ಆರ್ಗನ್ನಿಗೆ ಶ್ರುತಿ ಹಿಡಿಯುವ ಥೋರ್ವಲ್.
'ಭಾನುವಾರಕ್ಕೆ ಬೇರೆ ಪೊಟ್ಟಣ.'
ಎಂಬತ್ತು: ದಂತವೈದ್ಯೆ ಸಿಗ್ನೆ.
'ಚೆರ್ರಿ. ಅಂಗಡಿಯಲ್ಲಿ ಜನವಿದ್ದರೆ ಹೆಸರು ಕೂಗಬಾರದು.'
ಊಟ ತನ್ನಿಚ್ಛೆ, ನೋಟ ಪರರಿಚ್ಛೆ; ಸರಿ,
ಹೊಗೆ ಯಾರಿಚ್ಛೆ?

ನಲವತ್ತೊಂದು, ನಲವತ್ತೆರಡು:
ಅಣ್ಣ ಎನೆವೋಲ್ಡ್, ತಮ್ಮ ವಿಲಾಡ್ಸ್.
ಅಣ್ಣನಿಗೆ ಲಟಾಕಿಯಾ, ಹೆಚ್ಚುಕಡಿಮೆ ಮುಕ್ಕಾಲು.
ತಮ್ಮನಿಗೆ ಬರೀ ವರ್ಜೀನಿಯಾ, ಒತ್ತಿ ಬಿಲ್ಲೆ ಮಾಡಿದ್ದು,
ಅಂಗೈಯಲ್ಲಿ ಉಜ್ಜಿ ಉಜ್ಜಿ ತುಂಬಬೇಕು.
'ಡಾಂಬರು ಬಳಿದ ದೋಣಿ ಸೇದುತ್ತಾನೆ' ಎಂದು ಇವನು,
'ದನದ ಮೇವು' ಎಂದು ಅವನು.
ದೋಣಿಕಟ್ಟೆಯ ಮೇಲೆ ಒಂದೇ ಬೆಂಚು, ಎರಡು ತುದಿ,
ನಡುವೆ ಒಂದಾಳು ಕೂರುವಷ್ಟು ಜಾಗ.
ಅಲ್ಲಿ ಯಾರೂ ಕೂರುವುದಿಲ್ಲ.

ನವೆಂಬರಿನಲ್ಲಿ ನನಗೆ ನೆಗಡಿ.
ಮೂಗು ಕಟ್ಟಿದ ವಾರ ಡಬ್ಬಿಗಳು ಅದಲುಬದಲಾದವು.
ಕಣ್ಣಿದ್ದವರಿಗೆಲ್ಲ ಕಾಣುವ ತಪ್ಪು:
ಒಂದರಲ್ಲಿ ಕರಿ ಎಳೆ, ಇನ್ನೊಂದರಲ್ಲಿ ಕಂದು ಬಿಲ್ಲೆ.
ಯಾರೂ ಬಂದು ಗದರಲಿಲ್ಲ.
ಡಿಸೆಂಬರಿನಲ್ಲಿ ಇಬ್ಬರೂ ಬಂದರು, ಬೇರೆಬೇರೆ ದಿನ.
ಚೀಟಿ ನೋಡಿ, ತೂಗಿ, ಸರಿಯಾದದ್ದನ್ನೇ ಕಟ್ಟಿಕೊಟ್ಟೆ.
ಇಬ್ಬರೂ ವಾಪಸ್ಸು ತಂದರು.
'ಇದಲ್ಲ. ಕಳೆದ ಸಲದ್ದು.'

ಬೆಂಚಿಗೇ ಹೋಗಿ ತಪ್ಪೊಪ್ಪಿಕೊಂಡೆ,
ನಡುವಿನ ಜಾಗದಲ್ಲಿ ಕೂತು.
ಗಾಳಿ ಬೀಸುತ್ತಿತ್ತು, ದೋಣಿಯೊಂದು ಹಿಂದುಹಿಂದಕ್ಕೆ ಬರುತ್ತಿತ್ತು.
ಎನೆವೋಲ್ಡ್ ಗಂಟಲು ಸರಿಮಾಡಿಕೊಂಡ:
'ನಲವತ್ತು ವರ್ಷ ಪಕ್ಕದಲ್ಲಿ ಕೂತು ಮೂಸಿದ್ದೇನೆ.
ಬಾಯೊಳಗೆ ಹೀಗಿರುತ್ತದೆ ಅಂತ ನನಗೆ ಯಾರು ಹೇಳಿದ್ದರು?'
ವಿಲಾಡ್ಸ್ ಬೂಟಿನ ಹಿಮ್ಮಡಿಗೆ ಪೈಪು ತಟ್ಟಿ ಬೂದಿ ಕೆಡವಿದ.
'ಅವನಿಗೆ ಹೇಳಬೇಡ,' ಅಂದ,
ಅವನೆದುರಿಗೇ,
'ನನಗೆ ನನ್ನದು ಈಗ ಸಪ್ಪೆ.'

ಚೀಟಿ ತಿದ್ದೋಣವೆಂದು ಡ್ರಾಯರು ಎಳೆದೆ.
ಶಾಯಿಯ ಮೇಲೆ ಶಾಯಿ ಹಾಕಲು ಕೈ ಬರಲಿಲ್ಲ;
ಸೀಸದಕಡ್ಡಿಯಲ್ಲಿ ಒಂದು ಬಾಣ ಎಳೆದೆ, ಇತ್ತಿಂದ ಅತ್ತ.
ಬೇಕಾದರೆ ಅಳಿಸಬಹುದು.
ಡ್ರಾಯರು ಹಿಂದಕ್ಕೆ ಹೋಗಲಿಲ್ಲ. ಏನೋ ಸಿಕ್ಕಿಕೊಂಡಿತ್ತು.
ಎಳೆದರೆ ನೂರಾ ಹದಿನೇಳು.
ನನ್ನ ಹೆಸರು, ಮಾವನ ಅಕ್ಷರ, ನಾನು ಬಂದ ವರ್ಷದ್ದೇ ತಾರೀಖು.
ಪಾಲು: ಖಾಲಿ.
ಷರಾ: 'ಪೆರೀಕ್ ಡಬ್ಬಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತಾಳೆ.'

ಸುಳ್ಳು, ಅಂದುಕೊಂಡೆ.
ಕೈಯಲ್ಲಿ ಒರೆಸುವ ಬಟ್ಟೆ ಇತ್ತು.
ಆ ಡಬ್ಬಿ ಆಗಲೇ ಫಳಫಳ ಹೊಳೆಯುತ್ತಿತ್ತು.